ಚುಕ್ಕೆ ಸಾಲಿನ ದಾರಿಗಳು

ಪಟ್ಟಂದೂರು ಅಗ್ರಹಾರವೆಂದೊಡನೆ ಇಂದಿನ ಬೆಂಗಳೂರಿಗರ ಕಣ್ಣ ಮುಂದೆ ನಿಲ್ಲುವುದು ಗಾಜಿನ ಮಹಡಿಗಳ ಐ.ಟಿ. ಪಾರ್ಕು, ಕೊನೆಯಿಲ್ಲದ ವಾಹನಗಳ ಸಾಲು, 2023ರ ಮಾರ್ಚಿಯಲ್ಲಿ ತೆರೆದ ಮೆಟ್ರೋ ನಿಲ್ದಾಣ. ಊರಿನ ಹೆಸರು ಹೇಳುವ ಕಥೆಯೇ ಬೇರೆ. ಅಗ್ರಹಾರವೆಂದರೆ ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಗ್ರಾಮ. ಅಂಥ ಊರಿಗೆ ಒಂದು ಕೆರೆ, ಕೆರೆಯ ಕೆಳಗೆ ಗದ್ದೆ, ನೆರೆಯ ಊರುಗಳಿಗೆ ಹೋಗಿಬರಲು ಕಾಲುದಾರಿಗಳು ಇರಲೇಬೇಕಷ್ಟೆ. ಕೆರೆ ಈಗಲೂ ಇದೆ. ಗದ್ದೆಗಳ ಜಾಗದಲ್ಲಿ ಕಟ್ಟಡಗಳೆದ್ದಿವೆ. ಕಾಲುದಾರಿಗಳು ಏನಾದವು?

ಕಂದಾಯ ಇಲಾಖೆಯ ಗ್ರಾಮ ನಕಾಶೆಯನ್ನು ಬಿಡಿಸಿ ನೋಡಿದರೆ ಅವುಗಳ ಗುರುತು ಸಿಗುತ್ತದೆ. ಸರ್ವೆ ನಂಬರುಗಳ ನಡುವೆ ಚುಕ್ಕೆಗಳ ಸಾಲು ಹರಿದಿರುತ್ತದೆ. ಒಂಟಿ ಸಾಲಾದರೆ ಕಾಲುದಾರಿ, ಜೋಡಿ ಸಾಲಾದರೆ ಬಂಡಿದಾರಿ. ಹಳ್ಳಿಗರ ಬಾಯಲ್ಲಿ ಇದು 'ನಕಾಶೆ ಕಂಡ ದಾರಿ'. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲ ಸರ್ಕಾರಕ್ಕೆ ಸೇರಿದವು, ಎಂದರೆ ನಮ್ಮೆಲ್ಲರವು. ಆದರೆ ಕಾಗದದ ಮೇಲೆ ಉಳಿದ ದಾರಿ ನೆಲದ ಮೇಲೂ ಉಳಿಯಬೇಕೆಂದಿಲ್ಲ. ನಡೆಯುವವರು ಇಲ್ಲದಾದ ಮೇಲೆ ಮೊದಲು ಲಂಟಾನದ ಪೊದೆ ಬೆಳೆಯುತ್ತದೆ. ಆಮೇಲೆ ಬದುವಿನ ಕಲ್ಲು ಎರಡು ಮೊಳ ಈಚೆಗೆ ಸರಿಯುತ್ತದೆ. ಕೊನೆಗೊಂದು ದಿನ ತಂತಿಬೇಲಿ ಬರುತ್ತದೆ. ದಾರಿಗೆ ಕಾವಲು ಬೇರೆ ಯಾರೂ ಇಲ್ಲ, ಅದರ ಮೇಲೆ ನಡೆಯುವ ಕಾಲುಗಳೇ.

ಜಪಾನಿನ ಒಂದು ಹಳ್ಳಿಯ ಪಾಠ

ಈ ಸಂಕಟ ನಮ್ಮದೊಂದೇ ಅಲ್ಲ. ಹಿಂದೆ ಎಡೋ ಎಂದು ಕರೆಯುತ್ತಿದ್ದ ಟೋಕಿಯೋ ನಗರವನ್ನೂ ಕ್ಯೋಟೋವನ್ನೂ ಮಲೆನಾಡಿನ ಮೂಲಕ ಕೂಡಿಸುತ್ತಿದ್ದ ನಾಕಾಸೆಂಡೋ ಎಂಬ ಹಾದಿಯಲ್ಲಿ 69 ತಂಗುದಾಣಗಳಿದ್ದವು. ರೈಲು ಬಂದ ಮೇಲೆ ನಡೆದು ಹೋಗುವವರು ಇಲ್ಲವಾದರು. ತ್ಸುಮಾಗೋ ಎಂಬ ತಂಗುದಾಣದ ಊರು ಪಾಳು ಬೀಳತೊಡಗಿತು. ಊರವರು ಕೈಕಟ್ಟಿ ಕೂರಲಿಲ್ಲ. 1968ರಿಂದ ಹಳೆಯ ಮನೆಗಳನ್ನು ದುರಸ್ತಿ ಮಾಡತೊಡಗಿ, 1971ರಲ್ಲಿ 'ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ' ಎಂದು ತಮಗೆ ತಾವೇ ಕಟ್ಟಳೆ ವಿಧಿಸಿಕೊಂಡರು. ಇಂದು ಮಾಗೋಮೆ ಎಂಬ ಊರಿನಿಂದ ತ್ಸುಮಾಗೋವರೆಗಿನ ಸುಮಾರು 8 ಕಿಲೋಮೀಟರಿನ ಹಾದಿಯಲ್ಲಿ ನಡೆಯಲು ದೇಶದೇಶಗಳಿಂದ ಜನ ಬರುತ್ತಾರೆ. ಕರಡಿಗಳು ದೂರ ಸರಿಯಲೆಂದು ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆ ಕಟ್ಟಿದ್ದಾರೆ. ಹೋಗುವವರು ಬಾರಿಸಿಕೊಂಡು ಹೋಗುವುದು ವಾಡಿಕೆ.

ನಡೆಯುವುದು ನಮಗೂ ಹೊಸದಲ್ಲ. ಶಿವರಾತ್ರಿಗೆ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ, ಹರಕೆ ಹೊತ್ತು ಮಲೆಮಹದೇಶ್ವರನ ಬೆಟ್ಟಕ್ಕೆ ಇಂದಿಗೂ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಹರಕೆಯಿಲ್ಲದೆ, ಬರಿಯ ಸಂತೋಷಕ್ಕಾಗಿ, ಮನೆಮಂದಿಯೆಲ್ಲ ಕೂಡಿ ಹೊಲಗಳ ನಡುವೆ ನಡೆಯುವುದನ್ನು ಮಾತ್ರ ಪಟ್ಟಣದ ನಾವು ಮರೆತಿದ್ದೇವೆ. ಅದಕ್ಕಾಗಿ ದೂರ ಹೋಗಬೇಕಿಲ್ಲ. ಮೂಡಣ ದಿಕ್ಕಿಗೆ ಮುಖ ಮಾಡಿದರೆ ಸಾಕು.

ಯಾರಿಗೆ ಯಾವ ದಾರಿ?

ಎಳೆಯ ಮಕ್ಕಳೂ ಮೊಣಕಾಲು ನೋವಿನ ಹಿರಿಯರೂ ಜೊತೆಗಿದ್ದರೆ ಟೇಕಲ್ಲಿಗೆ ಹೋಗಿರಿ. ಪಟ್ಟಂದೂರು ಅಗ್ರಹಾರದಿಂದ ಮೆಟ್ರೋದಲ್ಲಿ ಮೂರನೆಯ ನಿಲ್ದಾಣವೇ ವೈಟ್‌ಫೀಲ್ಡ್ ಕಾಡುಗೋಡಿ. ಅದರ ಪಕ್ಕದಲ್ಲೇ ರೈಲು ನಿಲ್ದಾಣ. ಬಂಗಾರಪೇಟೆಯತ್ತ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತರೆ ಮಾಲೂರು ದಾಟಿದ ಮೇಲೆ, ಯಾರೋ ಆಡಿ ಬಿಟ್ಟುಹೋದ ಗೋಲಿಗಳಂತೆ ಒಂದರ ಮೇಲೊಂದು ನಿಂತ ಹೆಬ್ಬಂಡೆಗಳ ಗುಡ್ಡಗಳು ಕಿಟಕಿಯಲ್ಲಿ ಕಾಣುತ್ತವೆ. ಟೇಕಲ್ಲಿನಲ್ಲಿಳಿದು, ವರದರಾಜಸ್ವಾಮಿಯ ಗುಡಿಯನ್ನು ನೋಡಿ, ಗುಡ್ಡಗಳ ಬುಡದ ಊರದಾರಿಗಳಲ್ಲಿ ಶಕ್ತಿಯಿದ್ದಷ್ಟು ದೂರ ನಡೆಯಬಹುದು. ಏರು ಹತ್ತುವ ಕಷ್ಟವಿಲ್ಲ. ದಣಿವಾದಲ್ಲಿ ಹುಣಸೆಯ ನೆರಳಿದೆ, ಅರಳಿಕಟ್ಟೆಯಿದೆ.

ಎರಡನೆಯ ದಾರಿ ಆವಣಿ. ಮುಳಬಾಗಿಲು ತಾಲ್ಲೂಕಿನ ಈ ಊರಿನಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹವಿದೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ಹಿಂದಿನ ಬೆಟ್ಟವನ್ನು ಹತ್ತಿದರೆ ಸೀತಮ್ಮನ ಗುಡಿ. ವಾಲ್ಮೀಕಿಗಳ ಆಶ್ರಮವಿದ್ದುದೂ ಲವಕುಶರು ಹುಟ್ಟಿದುದೂ ಇಲ್ಲಿಯೇ ಎಂಬುದು ಸ್ಥಳಪುರಾಣ. ಓಡಾಡುವ ವಯಸ್ಸಿನ ಮಕ್ಕಳಿಗೆ ಕಥೆ ಹೇಳುತ್ತ ಹತ್ತಿಸಲು ಇದಕ್ಕಿಂತ ಒಳ್ಳೆಯ ಬೆಟ್ಟ ಸಿಗಲಾರದು.

ಮೂರನೆಯದು ಕೋಲಾರದ ಅಂತರಗಂಗೆ. ಶತಶೃಂಗ ಪರ್ವತದ ಮೆಟ್ಟಿಲುಗಳನ್ನು ಹತ್ತಿದರೆ ಕಾಶಿ ವಿಶ್ವೇಶ್ವರನ ಸನ್ನಿಧಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತದೆ. ಹೆಚ್ಚಿನವರು ಅಷ್ಟಕ್ಕೇ ಹಿಂದಿರುಗುತ್ತಾರೆ. ಗುಡಿಯ ಮೇಲಕ್ಕೆ ಬಂಡೆಗಳ ನಡುವೆ ನುಸುಳಿ ಹೋಗುವ ಗವಿಗಳಿವೆ. ಅದು ಗಟ್ಟಿಮುಟ್ಟಾದವರ ಕೆಲಸ. ಬೆಟ್ಟದ ನೆತ್ತಿಯ ಮೇಲೆ ತೇರಹಳ್ಳಿ ಮೊದಲಾದ ಹಳ್ಳಿಗಳಿವೆ. ಕೆಳಗಿನಿಂದ ನೋಡಿದವರಿಗೆ ಬರಿಯ ಕಲ್ಲುಬೆಟ್ಟ. ಮೇಲೆ ಹೋದವರಿಗೆ ಹೊಲ, ದನಕರು, ಮನೆಗಳು. ಕೋತಿಗಳ ಕಾಟ ಬಹಳ, ಬುತ್ತಿಗಂಟನ್ನು ಕೈಯಲ್ಲಿ ತೂಗಿಸಿಕೊಂಡು ಹೋಗಬಾರದು.

ಇನ್ನೂ ಕಸುವಿದೆ ಎನ್ನುವವರಿಗೆ ನಂದಿ. 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕಾರಿನಲ್ಲಿ ಹೋಗುವವರೇ ಹೆಚ್ಚು. ಹಳಬರ ದಾರಿ ಸುಲ್ತಾನಪೇಟೆಯಿಂದ ಹೊರಡುವ 1,175 ಮೆಟ್ಟಿಲುಗಳದು. ನಂದಿ ಗ್ರಾಮದಲ್ಲಿ ಭೋಗನಂದೀಶ್ವರನನ್ನು ಕಂಡು, ಮೆಟ್ಟಿಲು ಹತ್ತಿ, ಮೇಲೆ ಯೋಗನಂದೀಶ್ವರನನ್ನು ಕಂಡವರಿಗೆ ಭೋಗದಿಂದ ಯೋಗಕ್ಕೆ ಇರುವ ಏರು ಎಷ್ಟು ಕಡಿದಾದುದೆಂದು ಕಾಲುಗಳೇ ತಿಳಿಸುತ್ತವೆ.

ಜನ ಹೆಚ್ಚಾದರೂ ಕಷ್ಟ

ನಡೆಯುವವರಿಲ್ಲದೆ ದಾರಿ ಅಳಿಯುವಂತೆ, ನಡೆಯುವವರು ಮಿತಿಮೀರಿದರೂ ಅದು ಕೆಡುತ್ತದೆ. 2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯ ದಿನದ ರಜೆಯಲ್ಲಿ, 1,712 ಮೀಟರಿನ ಕುಮಾರಪರ್ವತಕ್ಕೆ ಜನಜಾತ್ರೆ ನುಗ್ಗಿತು. ಅದನ್ನು ಕಂಡ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಅಂತರಜಾಲ ವ್ಯವಸ್ಥೆಯನ್ನು ಆರಂಭಿಸಿ, ಒಂದು ಹಾದಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನು ಗೊತ್ತುಮಾಡಿತು. ಕಾಡಿನ ಹಾದಿಗಳಿಗೆ ಹೊರಡುವವರು ಮೊದಲೇ ಅಲ್ಲಿ ಚೀಟಿ ಪಡೆದು ಹೋಗುವುದು ಕ್ಷೇಮ. ಕುಮಾರಪರ್ವತವಂತೂ ಹೊಸಬರ ಬೆಟ್ಟವಲ್ಲ. ಚಿಕ್ಕ ಬೆಟ್ಟಗಳಲ್ಲಿ ಕಾಲು ಪಳಗಿದ ಮೇಲಷ್ಟೇ ಅದರ ಮಾತು.

ಹೊಲದ ದಾರಿಗಳಿಗೆ ಚೀಟಿಯಿಲ್ಲ, ನಡವಳಿಕೆಯೇ ಚೀಟಿ. ಬದುವಿನ ಮೇಲೆ ಸಾಲಾಗಿ ನಡೆಯಬೇಕು, ಪೈರನ್ನು ತುಳಿಯಬಾರದು. ಅವರೆಯ ಸೊಗಡು ಎಷ್ಟೇ ಕರೆದರೂ ಕಾಯಿ ಕೀಳಬಾರದು. ಬೇಕೆಂದರೆ ಒಡೆಯನನ್ನು ಕೇಳಿ ಕೊಳ್ಳಬೇಕು. ಎದುರಾದವರೊಡನೆ 'ಈ ದಾರಿ ಎಲ್ಲಿಗೆ ಹೋಗುತ್ತದೆ, ಯಜಮಾನರೇ?' ಎಂದು ಕೇಳಿದರೆ ದಾರಿಯೊಂದಿಗೆ ಊರಿನ ಸಮಾಚಾರವೂ ಸಿಗುತ್ತದೆ. ಕಾರ್ತಿಕದಿಂದ ಮಾಘದವರೆಗೆ ಒಳ್ಳೆಯ ಕಾಲ. ಬೇಸಿಗೆಯ ಹಗಲಿನಲ್ಲಿ ಬಂಡೆಗಳು ಕಾದ ಹೆಂಚಿನಂತಾಗುತ್ತವೆ. ಸವೆಯದ ಅಟ್ಟೆಯ ಪಾದರಕ್ಷೆ, ತಲೆಗೊಂದು ಟೋಪಿ, ಬೇಕೆನಿಸಿದ್ದಕ್ಕಿಂತ ಎರಡರಷ್ಟು ನೀರು, ಚಿತ್ರಾನ್ನ ಮೊಸರನ್ನದ ಬುತ್ತಿ ಇವಿಷ್ಟಿದ್ದರೆ ಸಾಕು. ಬುತ್ತಿ ಕಟ್ಟಿದ್ದ ಕಾಗದ ನಮ್ಮ ಚೀಲದಲ್ಲಿಯೇ ಮನೆಗೆ ಬರಬೇಕು.

ದುಬಾರಿ ಉಪಕರಣಗಳ ಅಗತ್ಯವಿಲ್ಲದ, ವಯಸ್ಸಿನ ಅಡ್ಡಿಯಿಲ್ಲದ ಈ ಹವ್ಯಾಸಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಹತ್ತು ಜನ ನಡೆಯುವ ದಾರಿಗೆ ಬೇಲಿ ಹಾಕುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಪಟ್ಟಂದೂರು ಅಗ್ರಹಾರದ ಹಳೆಯ ಚುಕ್ಕೆ ಸಾಲುಗಳ ಮೇಲೆ ಈಗ ಕಾಂಕ್ರೀಟು ಬಿದ್ದಿದೆ. ಮಾಲೂರು, ಕೋಲಾರ, ಮುಳಬಾಗಿಲುಗಳ ಕಡೆ ನಕಾಶೆಯ ದಾರಿಗಳು ಇನ್ನೂ ನೆಲದ ಮೇಲೆ ಕಾಣುತ್ತವೆ. ನಗರ ಅತ್ತಲೂ ಸಾಗುತ್ತಿದೆ. ಅದು ಅಲ್ಲಿಗೆ ಮುಟ್ಟುವ ಮೊದಲು ನಮ್ಮ ಮಕ್ಕಳ ಹೆಜ್ಜೆಗಳು ಆ ದಾರಿಗಳ ಮೇಲೆ ಬೀಳಲಿ.