ಮೊಹರು ಬಿದ್ದ ಪುಸ್ತಕಕ್ಕೆ ಎಷ್ಟು ಬೆಲೆ?

ದೊಡ್ಡಬಳ್ಳಾಪುರದಲ್ಲೋ ಹೊಸಕೋಟೆಯಲ್ಲೋ ಹಳೆಯ ಮನೆ ಕೆಡವುವಾಗ ಅಟ್ಟದಿಂದ ಇಳಿದ ಪುಸ್ತಕಗಳಲ್ಲಿ ಗುಜರಿಯವನ ತಕ್ಕಡಿಗೆ ಮೊದಲು ಬೀಳುವುದು ಮಕ್ಕಳ ಪುಸ್ತಕ. ಭಾರತ, ರಾಮಾಯಣಗಳನ್ನು ಹಾಕಲು ಮನಸ್ಸು ಬರುವುದಿಲ್ಲ. ರಟ್ಟು ಕಳಚಿದ, ಪೆನ್ಸಿಲಿನಲ್ಲಿ ಗೀಚಿದ ಕಥೆಪುಸ್ತಕಕ್ಕೆ ಆ ಅಡ್ಡಿಯಿಲ್ಲ. ಆದರೆ ಅಂಥ ಪುಸ್ತಕಕ್ಕೂ ಬೆಲೆ ಕಟ್ಟುವ ವಿದ್ಯೆಯೊಂದಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರಾಗಲಿ, ಲಂಡನ್ನಿನ ಹರಾಜಿನವರಾಗಲಿ ಕೇಳುವುದು ಮೂರೇ ಪ್ರಶ್ನೆ: ಇದು ಎಷ್ಟನೆಯ ಮುದ್ರಣ, ಇಂಥವು ಎಷ್ಟು ಉಳಿದಿವೆ, ಈ ಪ್ರತಿ ಹೇಗಿದೆ? ಮೊದಲ ಎರಡರ ಬಗ್ಗೆ ತಕರಾರಿಲ್ಲ. ಮೂರನೆಯದನ್ನು ಕನ್ನಡದ ಮಕ್ಕಳ ಪುಸ್ತಕಕ್ಕೆ ಹೊರಗಿನ ಅಳತೆಯಲ್ಲೇ ಕೇಳುವುದು ತಪ್ಪು ಎಂಬುದು ಈ ಲೇಖನದ ವಾದ.

ಮುದ್ರಣದ ಕಾಲ ಹಿಡಿಯಲು ಮುಖಪುಟದ ಹಿಂಬದಿ ನೋಡಬೇಕು. ಇಸವಿ, ಮುದ್ರಣಾಲಯ, ಪ್ರತಿಗಳ ಸಂಖ್ಯೆ ಅಲ್ಲಿದ್ದರೆ ಕೆಲಸ ಸಲೀಸು. ಆ ಹಾಳೆಯೇ ಹರಿದುಹೋಗಿದ್ದರೆ ಉಳಿದ ಪುಟಗಳಿಂದಲೇ ಸಾಕ್ಷ್ಯ ಹೆಕ್ಕಬೇಕು. ಬೆಲೆ ಆಣೆಯಲ್ಲಿದ್ದರೆ ಪುಸ್ತಕ ಬಹುಮಟ್ಟಿಗೆ 1957ಕ್ಕೆ ಹಿಂದಿನದು. ಆ ವರ್ಷದ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. ನಯಾಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ನಿಂದ ಈಚಿನದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದಿರಬೇಕು. ಹಳೆಯ ಅಚ್ಚಿನ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ ಮಾರುವುದೂ ಉಂಟಾದ್ದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಿಸುವಂತಿಲ್ಲ. ಇನ್ನು ಅಪರೂಪದ ಮಾತು. ಶಿವರಾಮ ಕಾರಂತರ ಮೂರು ಸಂಪುಟಗಳ ‘ಬಾಲ ಪ್ರಪಂಚ’ ದಪ್ಪ ಪುಸ್ತಕ, ಕಪಾಟಿನಲ್ಲಿ ಜೋಪಾನವಾಗಿ ಉಳಿಯುವಂಥದ್ದು. ಪಿನ್ ಹೊಡೆದ ತೆಳು ಪುಸ್ತಕಗಳಿಗೆ ಆ ಭಾಗ್ಯವಿಲ್ಲ. ಇಂಗ್ಲಿಷಿನ ಅಮರ ಚಿತ್ರಕಥೆ ಮಾಲೆ 11ನೇ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾಗುತ್ತದೆ. ಮೊದಲ ಹತ್ತು 1965ರ ಸುಮಾರಿಗೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳು. ದೇಶದ ಅಷ್ಟು ದೊಡ್ಡ ಚಿತ್ರಕಥಾ ಮಾಲೆಯ ಬುಡ ಕನ್ನಡದಲ್ಲಿದೆ ಎನ್ನುವುದಕ್ಕೆ ಆ ತೆಳು ಪುಸ್ತಕಗಳೇ ಪುರಾವೆ. ಅಂಥದ್ದನ್ನು ಕಿಲೋ ಲೆಕ್ಕದಲ್ಲಿ ಕೊಡುವುದು ನಿಜಕ್ಕೂ ನೋವಿನ ಸಂಗತಿ.

ಈಗ ಮೂರನೆಯ ಪ್ರಶ್ನೆ. ಹೊರಗಿನ ಮಾರುಕಟ್ಟೆಯಲ್ಲಿ ಗ್ರಂಥಾಲಯದ ಮೊಹರು, ಮಗುವಿನ ಹೆಸರು, ಗೀಚು ಎಲ್ಲವೂ ಬೆಲೆ ಇಳಿಸುವ ದೋಷಗಳು. 1997ರ ಮೊದಲ ಹ್ಯಾರಿ ಪಾಟರ್ ಪುಸ್ತಕದ ಗಟ್ಟಿರಟ್ಟಿನ ಪ್ರತಿಗಳು 500. ಅವುಗಳಲ್ಲಿ ಸುಮಾರು 300 ಗ್ರಂಥಾಲಯಗಳಿಗೆ ಹೋದವು. ಮಕ್ಕಳ ಕೈಯಲ್ಲಿ ಸವೆಯದೆ ಚೊಕ್ಕಟವಾಗಿ ಉಳಿದ ಒಂದು ಪ್ರತಿ 2021ರಲ್ಲಿ 4,71,000 ಡಾಲರಿಗೆ ಹೋಯಿತು. ಅಲ್ಲಿ ಆ ಲೆಕ್ಕ ನಡೆಯುತ್ತದೆ, ಏಕೆಂದರೆ ಎಷ್ಟು ಅಚ್ಚಾಯಿತು, ಎಲ್ಲಿಗೆ ಹೋಯಿತು ಎಂಬುದು ಬೇರೆ ಕಡೆ ದಾಖಲಾಗಿದೆ. ನಮ್ಮ ತೆಳು ಪುಸ್ತಕಗಳಿಗೆ ಎಷ್ಟೋ ಸಲ ಆ ಪ್ರತಿಯೇ ದಾಖಲೆ. ನೆಲಮಂಗಲದ ಶಾಲೆಯೊಂದರ ಮೊಹರಿನಲ್ಲಿ ‘ಬೆಂಗಳೂರು ಜಿಲ್ಲೆ’ ಎಂದಿದ್ದರೆ ಅದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ 1986ಕ್ಕೆ ಮುಂಚಿನದು ಎನ್ನಬಹುದು. ಮಾಗಡಿಯ ಶಾಲೆಯ ಮೊಹರಿನಲ್ಲಿ ‘ಬೆಂಗಳೂರು ಗ್ರಾಮಾಂತರ’ ಎಂದಿದ್ದರೆ 1986ರಿಂದ, ರಾಮನಗರ ಜಿಲ್ಲೆಯಾದ 2007ರವರೆಗಿನದು. ಯಾವ ಪುಸ್ತಕ ಯಾವ ಕಾಲದಲ್ಲಿ ಯಾವ ಊರಿನ ಮಕ್ಕಳವರೆಗೆ ಬಂತು ಎಂಬುದನ್ನು ಆ ನೇರಳೆ ಶಾಯಿ ಹೇಳುತ್ತದೆ. ಇದನ್ನು ಕೊಳೆ ಎಂದು ಲೆಕ್ಕದಿಂದ ಕಳೆಯಬಾರದು, ಕೂಡಿಸಬೇಕು.

ಕೊಳ್ಳುವವನು ಚೊಕ್ಕ ಪ್ರತಿಯನ್ನೇ ಕೇಳುವಾಗ ಈ ಮಾತಿಗೆ ಅರ್ಥವೇನು ಎಂದು ಕೇಳಬಹುದು. ಮಾರುವ ಬೆಲೆಯ ಮಟ್ಟಿಗೆ ಆ ಆಕ್ಷೇಪ ಸರಿ. ಅಂಗಡಿಯವರು ಗಿರಾಕಿಯನ್ನು ನೋಡದೆ ಬೆಲೆ ಹೇಳಲಾಗದು. ಆದರೆ ಗುರುತು ಬೇರೆ, ನಷ್ಟ ಬೇರೆ. ಚಿತ್ರ ಕತ್ತರಿಸಿಕೊಂಡಿದ್ದರೆ, ಹಾಳೆ ಹೋಗಿದ್ದರೆ, ಗೆದ್ದಲು ತಿಂದಿದ್ದರೆ ಪುಸ್ತಕದಲ್ಲಿ ಇದ್ದದ್ದು ಕಡಿಮೆಯಾಗಿದೆ, ಅದು ನಷ್ಟ. ಮೊಹರಿನಿಂದ, ಹೆಸರಿನಿಂದ ಏನೂ ಕಡಿಮೆಯಾಗಿಲ್ಲ. ಎರಡನ್ನೂ ಒಂದೇ ಖಾನೆಯಲ್ಲಿ ಬರೆಯುವ ಅಂದಾಜು ಸೋಮಾರಿ ಅಂದಾಜು. ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟರೆ ಕಾಗದ ಏಕೆ ಎಂಬುದು ಇನ್ನೊಂದು ಆಕ್ಷೇಪ. ಸ್ಕ್ಯಾನ್ ಮಾಡುವುದಕ್ಕೂ ಪೂರ್ತಿ ಪುಸ್ತಕ ಬೇಕಲ್ಲ! 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತಂದಿದೆ. ಇದು ಸಂತೋಷದ ಸಂಗತಿ. ಹೊಸ ಪುಸ್ತಕಗಳಿಗೆ ಜಾಗ ಮಾಡಲು ಹಳೆಯವನ್ನು ರದ್ದಿಗೆ ಹಾಕುವ ಮುನ್ನ ಹೆಸರು, ಬೆಲೆ, ಮುದ್ರಣಾಲಯ, ಮೊಹರು, ಇಲ್ಲದ ಪುಟ ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟರೆ ಸಾಕು. ಹೊಸಕೋಟೆಯ ಪ್ರತಿಯಲ್ಲಿ ನಡುವಿನ ಹಾಳೆ ಇಲ್ಲದಿರಬಹುದು, ದೇವನಹಳ್ಳಿಯದರಲ್ಲಿ ಕೊನೆಯ ಹಾಳೆ ಇಲ್ಲದಿರಬಹುದು. ಎರಡೂ ಉಳಿದಿದ್ದರೆ ಕಥೆ ಪೂರ್ತಿ ಸಿಗುತ್ತದೆ.