ಹಿಂಗಾರಿನ ಅತಿಥಿ ಹಕ್ಕಿಗಳು: ಸ್ಪ್ರೇಯರ್ ಹೆಗಲಿಗೇರಿಸುವ ಮುಂಚೆ ಬೇಲಿ ಕಡೆ ನೋಡಿ

ಉತ್ತರೆ ಮಳೆ ಹೊಳವು ಕೊಟ್ಟ ದಿನ ಬೆಳಗ್ಗೆ ಆರೂವರೆಗೆ ಬೇಲಿ ಹತ್ತಿರ ಹತ್ತು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಲಂಟಾನ ಪೊದೆಯೊಳಗಿಂದ 'ಚಕ್... ಚಕ್' ಅಂತ ಎರಡು ಕಲ್ಲು ಕುಟ್ಟಿದ ಹಾಗೆ ಸದ್ದು ಬರುತ್ತೆ. ಹಕ್ಕಿ ಕಾಣೋದಿಲ್ಲ, ಎಲೆ ಮಾತ್ರ ಅಲುಗುತ್ತೆ. ಇಲ್ಲೇ ಇರೋ ಯಾವುದೋ ಗುಬ್ಬಿ ಅಂತ ಬಹಳ ಜನ ಅಂದುಕೊಂಡಿರ್ತಾರೆ. ಅದು ಬ್ಲೈತ್ಸ್ ರೀಡ್ ವಾರ್ಬ್ಲರ್, ನಮ್ಮಲ್ಲಿ ಉಲಿಯಕ್ಕಿ ಅಂತಾರಲ್ಲ, ಆ ಗುಂಪಿನದು. ತೂಕ ಹತ್ತು-ಹನ್ನೆರಡು ಗ್ರಾಂ. ಮರಿ ಮಾಡೋದು ರಷ್ಯಾ, ಕಜಕಿಸ್ತಾನದ ಕಡೆ. ಚಳಿಗಾಲ ಕಳೆಯೋದು ನಮ್ಮ ನಿಮ್ಮ ಬೇಲಿಗಳಲ್ಲಿ.

ಇವು ಬರೋದು ಚಳಿಗೆ ಹೆದರಿ ಮಾತ್ರ ಅಲ್ಲ. ಉತ್ತರದ ದೇಶಗಳಲ್ಲಿ ಹಗಲು ಕಡಿಮೆಯಾಗ್ತಾ ಬಂದ ಹಾಗೆ ಹಕ್ಕಿಯ ಮೈಗೆ ಹೊರಡುವ ಸೂಚನೆ ಸಿಗುತ್ತೆ. ಆಮೇಲೆ ಅಲ್ಲಿ ಹುಳ ಸಿಗೋದಿಲ್ಲ. ಅದೇ ಹೊತ್ತಿಗೆ ನಮ್ಮಲ್ಲಿ ಮುಂಗಾರು ಮುಗಿದು ಹೊಲ, ಬದು, ಬೇಲಿ ಎಲ್ಲ ಹುಳುಮಯ. ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹೊತ್ತು ಹಾರುತ್ತವೆ. ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿಯಿಂದ ದಿಕ್ಕು ತಿಳಿದುಕೊಳ್ಳುತ್ತವೆ. ಬೆಳಗಿನ ಜಾವ ಇಳಿಯುವಾಗ ಹೊಟ್ಟೆ ಖಾಲಿ. ಹಾಗಾಗಿ ನೋಡೋದಿದ್ದರೆ ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ನೋಡಿ, ಹತ್ತು ಗಂಟೆ ಮೇಲೆ ಹೋದರೆ ಅರ್ಧ ಹಕ್ಕಿನೂ ಕಾಣೋದಿಲ್ಲ.

ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳಿದರೆ ನೆನಪಿರುತ್ತೆ. ಹುಬ್ಬೆ, ಉತ್ತರೆಯಲ್ಲಿ ಬಾಲ ಕುಣಿಸುವ ಕುಂಡೆಕುಸ್ಕಗಳಲ್ಲಿ ಹೊರಗಿನಿಂದ ಬರೋ ಜಾತಿಗಳು ಕಾಣಿಸಿಕೊಳ್ಳುತ್ತವೆ. ಬೂದು ಬೆನ್ನಿನದು ಹಳ್ಳದ ಬದಿಯಲ್ಲಿ, ಹಳದಿಯದು ದನದ ಕಾಲ ಸುತ್ತ ಮತ್ತು ಉಳುವಾಗ ಟ್ರ್ಯಾಕ್ಟರ್ ಹಿಂದೆ. ಉತ್ತರೆಯಿಂದ ಹಸ್ತದವರೆಗೆ ಉಲಿಯಕ್ಕಿಗಳು, ಕಂದು ಕಳಿಂಗ. ಚಿತ್ತೆ, ಸ್ವಾತಿ ಹೊತ್ತಿಗೆ ನವರಂಗ. ಕಾಫಿ, ಅಡಿಕೆ ತೋಟದ ಕೆಳಗೆ ತರಗೆಲೆ ಕೆದಕುತ್ತಾ ಎರೆಹುಳ ಹುಡುಕೋ ಬಣ್ಣಬಣ್ಣದ ಹಕ್ಕಿ ಅದು. ನವರಂಗ ಪರದೇಶದ್ದೇನಲ್ಲ, ಹಿಮಾಲಯದ ತಪ್ಪಲು, ಮಧ್ಯ ಭಾರತದಲ್ಲಿ ಮರಿ ಮಾಡಿ ದಕ್ಷಿಣಕ್ಕೆ ಬರುತ್ತೆ. ಮಾರ್ಚ್-ಏಪ್ರಿಲ್‌ಗೆ ಹೆಚ್ಚಿನವು ವಾಪಸ್.

ಈಗ ರೈತರ ವಿಷಯಕ್ಕೆ ಬರೋಣ. ಗ್ರೀನಿಷ್ ವಾರ್ಬ್ಲರ್ ಅಂತ ಇನ್ನೊಂದು ಉಲಿಯಕ್ಕಿ ಇದೆ, ಹತ್ತು ಗ್ರಾಂ ಕೂಡ ತೂಗೋದಿಲ್ಲ. ಚಳಿಗಾಲದಲ್ಲಿ ಪ್ರತಿ ಹಕ್ಕಿಯೂ ತನ್ನದೇ ಗಡಿ ಹಾಕಿಕೊಂಡು, ಬೇರೆ ಹಕ್ಕಿ ಬಂದರೆ ಓಡಿಸುತ್ತೆ. ಬದುವಿನ ಹೊಂಗೆ, ಮಾವಿನ ಮರದ ಎಲೆ ಎಲೆ ತಿರುಗಿಸಿ ಹುಳ ತಿನ್ನುತ್ತೆ. ಬದುವಿನ ಮರ ಕಡಿದರೆ ಒಬ್ಬ ಒಕ್ಕಲನ್ನು ಎಬ್ಬಿಸಿದ ಹಾಗೆ. 'ಒಂದು ಹಕ್ಕಿ ದಿನಕ್ಕೆ ಇಷ್ಟು ಸಾವಿರ ಹುಳು ತಿನ್ನುತ್ತೆ, ಔಷಧಿನೇ ಬೇಡ' ಅನ್ನೋ ವಾಟ್ಸ್ಯಾಪ್ ಲೆಕ್ಕಗಳನ್ನ ಮಾತ್ರ ನಾನು ನಂಬಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಪತ್ತೆಯಾದ ಮೆಕ್ಕೆಜೋಳದ ಸೈನಿಕ ಹುಳು ಸುಳಿಯೊಳಗೆ ಕೂತಿದ್ದರೆ ಯಾವ ಹಕ್ಕಿಯೂ ಪೂರ್ತಿ ತೆಗೆಯೋದಿಲ್ಲ. ಹಕ್ಕಿ ಹುಳುವಿನ ಸಂಖ್ಯೆ ಏರದ ಹಾಗೆ ತಡೆಯುತ್ತೆ, ಅಷ್ಟೇ. ಆದರೆ ಆ 'ಅಷ್ಟೇ' ಅನ್ನೋದರಲ್ಲೇ ಒಂದು ಸ್ಪ್ರೇ ಖರ್ಚು ಉಳಿಯಬಹುದು.

ತೊಗರಿ ತಗೊಳ್ಳಿ. ಹೂವು, ಮೊಗ್ಗು ಬರುವ ಕಾಲವೂ ಹಕ್ಕಿ ಬರುವ ಕಾಲವೂ ಒಂದೇ. ಬೆಳೆಗಿಂತ ಒಂದೆರಡು ಅಡಿ ಎತ್ತರ ಇರೋ ಹಾಗೆ ಟಿ ಆಕಾರದ ಕೋಲುಗಳನ್ನ ಅಲ್ಲಲ್ಲಿ ನೆಡಿ. ಕಾಜಾಣ, ಗೊರವಂಕ, ಕಳಿಂಗ ಅದರ ಮೇಲೆ ಕೂತು ಕಾಯಿಕೊರಕ ಹೆಕ್ಕುತ್ತವೆ. ವಾರಕ್ಕೊಮ್ಮೆ ಸಾಲಿನ ಮಧ್ಯೆ ಟಾರ್ಪಾಲು ಹಾಸಿ ಗಿಡ ಅಲುಗಾಡಿಸಿ, ಬಿದ್ದ ಹುಳ ಎಣಿಸಿ. ಎಣಿಸಿದ ಮೇಲೆ ಸ್ಪ್ರೇ ಬೇಕೋ ಬೇಡವೋ ತೀರ್ಮಾನಿಸಿ. ಪಕ್ಕದವರು ಹೊಡೆದರು ಅಂತ ನಾವೂ ಹೊಡೆಯೋ ಚಾಳಿ ಬಿಡೋಣ.

ಔಷಧಿ ಹಕ್ಕಿಗೆ ಏನು ಮಾಡುತ್ತೆ ಅನ್ನೋದಕ್ಕೆ ಕೆನಡಾದಲ್ಲಿ ನಡೆದ ಒಂದು ಪ್ರಯೋಗ ಇದೆ, 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ವಲಸೆ ದಾರಿಯಲ್ಲಿ ತಂಗಿದ್ದ ಒಂದು ಜಾತಿ ಗುಬ್ಬಿಗೆ ಇಮಿಡಾಕ್ಲೋಪ್ರಿಡ್ ಅನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅದೇ, ನಾವು ಬೀಜೋಪಚಾರಕ್ಕೂ ರಸ ಹೀರುವ ಕೀಟಕ್ಕೂ ಬಳಸುವ ಇಮಿಡಾ. ಹೆಚ್ಚಿನ ಡೋಸ್ ಕೊಟ್ಟ ಹಕ್ಕಿಗಳು 6 ಗಂಟೆಯೊಳಗೆ ಮೈತೂಕದ ಶೇ. 6ರಷ್ಟು ಕಳೆದುಕೊಂಡವು, ಉಳಿದವಕ್ಕಿಂತ ಸುಮಾರು 3.5 ದಿನ ತಡವಾಗಿ ಹೊರಟವು. ಸಾಯಲಿಲ್ಲ, ಮೇವು ಬಿಟ್ಟವು. ಸಾವಿರಾರು ಕಿಲೋಮೀಟರ್ ಹಾರೋ ಹತ್ತು ಗ್ರಾಂ ಜೀವಕ್ಕೆ ಅದೂ ದೊಡ್ಡ ಪೆಟ್ಟೇ. ಬೀಜೋಪಚಾರ ಮಾಡಿದ್ದರೆ ಬೀಜ ಮಣ್ಣಿನ ಮೇಲೆ ಚೆಲ್ಲಿ ಬಿಡಬೇಡಿ, ಮುಚ್ಚಿ.

ಹಾಗಂತ ಬಂದವೆಲ್ಲ ನೆಂಟರೇನಲ್ಲ. ಉತ್ತರ ಕರ್ನಾಟಕದ ಜೋಳದ ಹೊಲದವರಿಗೆ ಗುಲಾಬಿ ಕಬ್ಬಕ್ಕಿ ಗೊತ್ತಿರುತ್ತೆ: ತಲೆ, ರೆಕ್ಕೆ ಕಪ್ಪು, ಮೈ ತಿಳಿ ಗುಲಾಬಿ, ಮೋಡದ ಹಾಗೆ ಗುಂಪು. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ತಿನ್ನಲಿ ಅಂತ ಇದಕ್ಕೆ ಕಲ್ಲಿನ ಗೂಡು ಕಟ್ಟಿಕೊಡ್ತಾರೆ. ಇಲ್ಲಿ ಅದೇ ಹಕ್ಕಿ ಮಿಡತೆನೂ ತಿನ್ನುತ್ತೆ, ಹಾಲುಗಾಳು ತುಂಬಿದ ತೆನೆಗೂ ಬೀಳುತ್ತೆ. ತಲೆ ಕಪ್ಪು, ಹೊಟ್ಟೆ ಹಳದಿ ಇರೋ ಬಂಟಿಂಗ್ ಹಕ್ಕಿಯೂ ಕಾಳಿನದೇ ಗಿರಾಕಿ. ಜೋಳಕ್ಕೆ ಕಾಳು ಕಟ್ಟುವ ಮುಂಚೆಯೇ ಟಿ ಕೋಲುಗಳನ್ನ ಕಿತ್ತುಬಿಡಿ, ಇಲ್ಲದಿದ್ದರೆ ನಾವೇ ಕುರ್ಚಿ ಹಾಕಿ ಊಟಕ್ಕೆ ಕರೆದ ಹಾಗಾಗುತ್ತೆ. ಆಮೇಲೆ ಹಳೇ ಕಾಲದ ಅಟ್ಟಣೆ, ಕವಣೆ, ಡಬ್ಬ ಬಡಿಯೋದು. ರಿಬ್ಬನ್ ಕಟ್ಟಿದರೆ ಜಾಗ ಬದಲಿಸ್ತಾ ಇರಿ, ಹಕ್ಕಿಗೆ ರೂಢಿಯಾದರೆ ಲೆಕ್ಕಕ್ಕೇ ಇಡೋದಿಲ್ಲ.

ದ್ರಾಕ್ಷಿ, ದಾಳಿಂಬೆಗೆ ಬಲೆ ಹಾಕುವವರು ಕಣ್ಣಿಗೆ ಕಾಣದಂಥ ತೆಳು ನೈಲಾನ್ ಎಳೆಯದು ತರಬೇಡಿ. ದಪ್ಪ ಎಳೆಯ ಬಲೆಯನ್ನ ಬಿಗಿಯಾಗಿ ಎಳೆದು ಕಟ್ಟಿ. ಜೋತುಬಿದ್ದ ತೆಳು ಬಲೆಯಲ್ಲಿ ಹಣ್ಣು ತಿನ್ನದ ಉಲಿಯಕ್ಕಿಯೂ ಸಿಕ್ಕಿ ಸಾಯುತ್ತೆ. ಹಕ್ಕಿ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ನೆನಪಿರಲಿ.

ಫೋನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ಉಚಿತ. ಮನೆಯ ವೈಫೈನಲ್ಲಿ ಭಾರತದ ಪ್ಯಾಕ್ ಇಳಿಸಿಕೊಂಡರೆ ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತೆ. ಕೂಗು ಕೇಳಿಸಿದರೆ ಹೆಸರು ಹೇಳುತ್ತೆ, ಆದರೆ ಉಲಿಯಕ್ಕಿಗಳ ವಿಷಯದಲ್ಲಿ ತಪ್ಪು ಹೇಳೋದುಂಟು. ಎರಡು ಮೂರು ದಿನ ಅದೇ ಹೆಸರು ಬಂದರೆ ನಂಬಿ. ಅದೇ ಸಂಸ್ಥೆ, ಅಂದರೆ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಇ-ಬರ್ಡ್‌ನಲ್ಲಿ ನಿಮ್ಮ ಜಿಲ್ಲೆಯ ಬಾರ್ ಚಾರ್ಟ್ ತೆಗೆದರೆ ಯಾವ ಹಕ್ಕಿ ಯಾವ ವಾರ ಬರುತ್ತೆ ಅಂತ ಕಾಣುತ್ತೆ. ನೀವು ಹದಿನೈದು ನಿಮಿಷ ನೋಡಿದ್ದನ್ನೂ ಅಲ್ಲೇ ದಾಖಲಿಸಿ. ಹೊಲದವರು ಹಾಕೋ ಪಟ್ಟಿ ಕಡಿಮೆ, ಕೆರೆ-ಕಾಡಿನದೇ ಜಾಸ್ತಿ. ಒಂದು ಮಾತು: ಸ್ಪೀಕರ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ, ಸುಸ್ತಾಗಿ ಬಂದಿರುತ್ತವೆ.

ಅಕ್ಟೋಬರ್‌ನಲ್ಲಿ ರಾತ್ರಿ ದೀಪಕ್ಕೆ ಗೊಂದಲಗೊಂಡ ನವರಂಗ ಮನೆಯೊಳಗೆ ಬಂದು ಬೀಳೋದುಂಟು. ರಟ್ಟಿನ ಡಬ್ಬಕ್ಕೆ ತೂತು ಮಾಡಿ ಒಳಗಿಡಿ, ಕತ್ತಲಲ್ಲಿ, ಬೆಕ್ಕು ಮಕ್ಕಳಿಂದ ದೂರ. ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡಿದ್ದರೆ ಬೆಳಗಿನ ಜಾವ ದಟ್ಟ ಗಿಡಗಳ ಬುಡದಲ್ಲಿ ಡಬ್ಬ ತೆರೆದು ಹಿಂದೆ ಸರಿಯಿರಿ. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೇಲಿ ಸವರುವ ಕೆಲಸ ಇದ್ದರೆ ಒಂದು ಬದಿಯದಾದರೂ ಏಪ್ರಿಲ್‌ವರೆಗೆ ಬಿಡಿ.