ಕೀ ತಿರುಗಿಸಿದರೆ ಬರೀ ‘ಟಕ್’!

ಪ್ರಶ್ನೆ: ಕಾರಿನ ಸ್ಟಾರ್ಟರ್ ಮೋಟರನ್ನು ಮನೆಯಲ್ಲೇ ಬಿಚ್ಚಿ, ಕಾರ್ಬನ್ ಬ್ರಷ್ ಬದಲಿಸಿ ಕೂರಿಸಿದೆ. ಈಗ ‘ಟಕ್’ ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಬ್ಯಾಟರಿ ಹೊಸದು. ಯಾಕೆ ಹೀಗೆ?
– ಓದುಗರು, ಹೊಣಕೆರೆ, ನಾಗಮಂಗಲ ತಾಲ್ಲೂಕು

ಉತ್ತರ: ಆ ‘ಟಕ್’ ಸದ್ದು ಒಳ್ಳೆಯ ಸುಳಿವು. ಸೊಲೆನಾಯ್ಡ್ ಕೆಲಸ ಮಾಡುತ್ತಿದೆ, ಅಂದರೆ ಕೀ ಕಡೆಯ ವೈರಿಂಗ್ ಸರಿಯಿದೆ. ಹೆಚ್ಚಾಗಿ, ಮೋಟರಿಗೆ ಬೇಕಾದ ಭಾರಿ ಕರೆಂಟು ಮಾತ್ರ ಸಿಗುತ್ತಿರುವುದಿಲ್ಲ.

ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ತೀರಾ ಕುಗ್ಗಿದರೆ ಬ್ಯಾಟರಿ ಚಾರ್ಜ್ ಇಲ್ಲ, ಟರ್ಮಿನಲ್ ಸಡಿಲ, ಇಲ್ಲವೇ ಮೋಟರ್ ಬಿಗಿದುಕೊಂಡಿದೆ. ಬೆಳಕು ಹಾಗೇ ಇದ್ದರೆ ಅನುಮಾನ ಮುಖ್ಯವಾಗಿ ಎರಡರ ಮೇಲೆ: ಹೊಸ ಬ್ರಷ್ ತನ್ನ ಗೂಡಿನಲ್ಲಿ ಸಿಕ್ಕಿಕೊಂಡು ಕಮ್ಯುಟೇಟರ್ ಮುಟ್ಟುತ್ತಿಲ್ಲ, ಅಥವಾ ಎಂಜಿನ್ನಿನ ಅರ್ಥ್ ವೈರ್ ಸರಿಯಾಗಿ ಕೂತಿಲ್ಲ.

ಸ್ವಂತ ರಿಪೇರಿಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಈ ಅರ್ಥ್ ವೈರೇ. ಸ್ಟಾರ್ಟರ್ ಸುಮಾರು 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಜೋಡಣೆಯಲ್ಲಿ ಬರೀ 0.02 ಓಮ್ ಅಡ್ಡಿಯಿದ್ದರೂ 12 ವೋಲ್ಟಿನಲ್ಲಿ 3 ವೋಲ್ಟ್ ಅಲ್ಲೇ ಹೋಯಿತು! ತುಕ್ಕು, ಬಣ್ಣ, ಗ್ರೀಸ್ ಯಾವುದಾದರೂ ಸಾಕು. ಹಾಗೇ ಮತ್ತೆ ಮತ್ತೆ ಕೀ ತಿರುಗಿಸಬೇಡಿ; ಕರೆಂಟು ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕಿ ಅದನ್ನೇ ಸುಡಬಹುದು.

ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒಂದು ದಪ್ಪ ಜಂಪರ್ ಕೇಬಲ್ ಹಾಕಿ ನೋಡಿ. ಎಂಜಿನ್ ತಿರುಗಿದರೆ ದೋಷ ಅರ್ಥ್‌ನದೇ. ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, ಜೋಡಣೆಯನ್ನು ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿ. ತಿರುಗದಿದ್ದರೆ ಮೋಟರ್ ಕಳಚಿ ನಾಗಮಂಗಲದಲ್ಲಿ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡುವ ಸಾಹಸ ಮಾತ್ರ ದಯವಿಟ್ಟು ಬೇಡ.